ಮೂರು ಸಲ ಕೇಳುವ ಊರು

ಐರ್ಲೆಂಡಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಒಬ್ಬ ಅಜ್ಜಿಯನ್ನು ಮೂರು ದಿನ ಚಹಾ ಇಲ್ಲದೆ ಕೂರಿಸಿದೆ. ತಳ್ಳುಗಾಡಿ ತಂದು ಚಹಾ ಬೇಕೇ ಎಂದು ಕೇಳಿದರೆ, ಬೇಡ ಮಗಳೇ, ನಿನಗೇಕೆ ತೊಂದರೆ ಎನ್ನುತ್ತಿದ್ದಳು. ಬೇಡ ಎಂದರೆ ಬೇಡವೇ, ಒತ್ತಾಯ ಮಾಡಕೂಡದು ಎಂದು ತರಬೇತಿಯಲ್ಲಿ ಕಲಿಸಿದ್ದರು. ನಾನು ಮತ್ತೆ ಕೇಳದೆ ಚಾರ್ಟಿನಲ್ಲಿ ಗುರುತು ಹಾಕಿ ಮುಂದಿನ ಕೋಣೆಗೆ ಹೋಗುತ್ತಿದ್ದೆ. ನಾಲ್ಕನೇ ದಿನ ಅಜ್ಜಿ ಅತ್ತೇಬಿಟ್ಟಳು.

ಅಲ್ಲಿಯವಳೇ ಆದ ಜೊತೆಗಾತಿ ನಗುತ್ತ ವಿವರಿಸಿದಳು. ಮೊದಲನೇ ಬೇಡ ಮರ್ಯಾದೆಗೆ, ಎರಡನೆಯದು ನಿನ್ನ ಮೇಲಿನ ಕರುಣೆಗೆ. ಮೂರನೇ ಸಲ ಕೇಳಿದಾಗ ಬರುವ ಉತ್ತರವೇ ನಿಜ, ಅದಕ್ಕೆ ಮಾತ್ರ ಇಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ನನಗೆ ನಾಚಿಕೆಯಾಯಿತು. ಯಾರ ಮನೆಗೆ ಹೋದರೂ ‘ಈಗಷ್ಟೇ ಕುಡಿದು ಬಂದ್ವಿ ರೀ’ ಎಂದು ಹೇಳಿ ಎರಡು ಲೋಟ ಕುಡಿದು ಏಳುವ ಶಿಕಾರಿಪುರದವಳು ನಾನು. ಬಿಳಿಯರ ಬಾಯಲ್ಲಿದ್ದದ್ದೇ ಮನಸ್ಸಿನಲ್ಲೂ ಇರುತ್ತದೆ ಎಂದು ಯಾರು ನನ್ನ ತಲೆಗೆ ತುಂಬಿದ್ದರೋ. ಆಮೇಲೆ ಅವರ ಉಳಿದ ರೀತಿಗಳೂ ನಮ್ಮವೇ ಅನ್ನಿಸತೊಡಗಿದವು. ಫೋನಿನಲ್ಲಿ ಹತ್ತು ಸಲ ಬೈ ಬೈ ಎಂದ ಮೇಲೂ ಹೊಸ ಸುದ್ದಿ ತೆಗೆಯುತ್ತಾರೆ. ಹೊರಟ ನೆಂಟರು ಬಾಗಿಲಲ್ಲಿ ನಿಂತು ಇನ್ನೂ ಒಂದು ಗಂಟೆ ಮಾತಾಡುತ್ತಾರೆ. ಎದುರು ಬರುವ ಕಾರಿನವನು ಗುರುತಿನವನಲ್ಲದಿದ್ದರೂ ಸ್ಟೇರಿಂಗಿನಿಂದ ಒಂದು ಬೆರಳೆತ್ತಿ ಮಾತಾಡಿಸುತ್ತಾನೆ. ಆರು ವರ್ಷ ನಾನು ಅಲ್ಲಿ ಸುಖವಾಗಿದ್ದೆ. ಅದನ್ನು ಹೇಳಿಕೊಳ್ಳಲು ಈಗ ಹೆದರಿಕೆಯಾಗುತ್ತದೆ.

ಏಕೆಂದರೆ ಈಗ ನಾನು ಶಿಕಾರಿಪುರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಕ್ಕನ ಜೊತೆ ಇದ್ದೇನೆ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಸಾಕಿದವಳು ಅಕ್ಕ. ಮದುವೆಯ ಗೊಡವೆಗೇ ಹೋಗದೆ, ಸೊರಬ ತಾಲೂಕಿನ ಉಳವಿ ಕಡೆಯ ಒಂದು ಶಾಲೆಗೆ ಟೀಚರಾಗಿ ದಿನಾ ಬಸ್ಸಿನಲ್ಲಿ ಓಡಾಡಿದಳು. ಅದೇ ಬಸ್ಸಿನಿಂದ ಇಳಿಯುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಒಂದು ತಿಂಗಳ ರಜೆ ಹಾಕಿ ಬಂದ ನಾನು ಇಲ್ಲಿಗೆ ಬಂದು ಏಳು ತಿಂಗಳಾಯಿತು. ಮೂಳೆ ಕೂಡಿದೆ, ಅವಳಿಗೆ ಧೈರ್ಯ ಕೂಡಿಲ್ಲ.

ಎಬ್ಬಿಸುವುದು, ಮೀಯಿಸುವುದು, ವಾಕರ್ ಹಿಡಿಸಿ ಅಡುಗೆಮನೆಯವರೆಗೆ ನಡೆಸುವುದು. ಅಲ್ಲಿ ಹನ್ನೆರಡು ಜನಕ್ಕೆ ಮಾಡುತ್ತಿದ್ದದ್ದನ್ನೇ ಇಲ್ಲಿ ಒಬ್ಬಳಿಗೆ ಮಾಡುತ್ತೇನೆ, ಆದರೆ ಇಲ್ಲಿ ಪಾಳಿ ಮುಗಿಯುವುದಿಲ್ಲ. ನನಗೆ ಉಸಿರು ಕಟ್ಟುತ್ತದೆ. ತರಕಾರಿಗೆಂದು ಹೊರಟವಳು ಬಸ್ ನಿಲ್ದಾಣದಲ್ಲಿ ಸುಮ್ಮನೆ ಕೂತು, ಸೊರಬದ ಎರಡು ಬಸ್ಸು ಹೋಗುವುದನ್ನು ನೋಡಿ ವಾಪಸಾಗುತ್ತೇನೆ. ಇಂಥ ತಂಗಿ ಯಾರಿಗುಂಟು ಎಂದು ಅಕ್ಕಪಕ್ಕದವರು ಹೊಗಳಿದರೆ ಅವರ ಬಾಯಿಗೆ ಬೀಗ ಹಾಕಬೇಕೆನಿಸುತ್ತದೆ. ಆಮೇಲೆ ಅಕ್ಕನ ಮುಖ ನೋಡಿ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹೋದ ವಾರ ಆಶ್ರಮದಿಂದ ಸಂದೇಶ ಬಂತು. ತಿಂಗಳ ಕೊನೆಯೊಳಗೆ ಬಾರದಿದ್ದರೆ ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ. ಬೆಳಿಗ್ಗೆ ಅಕ್ಕನ ಕಾಲಿಗೆ ಎಣ್ಣೆ ತಿಕ್ಕುತ್ತ ವಿಷಯ ಹೇಳಿ, ನಾನು ಹೋಗಲಾ ಎಂದು ಕೇಳಿದೆ.

“ಹೋಗು. ನಂಗೇನಾಗೈತಿ?” ಎಂದಳು, ತಲೆ ಎತ್ತದೆ.

ಅದು ಮರ್ಯಾದೆಯದು ಎಂದು ನನಗೆ ಗೊತ್ತಿತ್ತು. ಮಧ್ಯಾಹ್ನ ಬಡಿಸುವಾಗ ಮತ್ತೆ ಕೇಳಿದೆ. ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಾಳೆ, ನನ್ನ ಸಲುವಾಗಿ ಕೆಲಸ ಬಿಡಬೇಡ, ಹೋಗು ಎಂದು ಈ ಸಲ ಸ್ವಲ್ಪ ಜೋರಾಗಿಯೇ ಹೇಳಿದಳು. ಅದು ಕರುಣೆಯದು.

ಸಂಜೆ ಚಹಾ ಹಿಡಿದು ಅವಳ ಎದುರು ಕೂತೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಆ ಅಜ್ಜಿಯ ಕತೆಯನ್ನು ಫೋನಿನಲ್ಲಿ ಎಷ್ಟೋ ಸಲ ಹೇಳಿ ಅವಳನ್ನು ನಗಿಸಿದವಳು ನಾನೇ.

“ಎಲ್ಡು ಸಲ ಕೇಳಿದಿ,” ಎಂದಳು. “ಮೂರ್ನೇ ಸಲ ಕೇಳಬ್ಯಾಡ ಕಣೇ.”

ನಾನು ಕೇಳಲಿಲ್ಲ. ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ ಇದೆ, ಟಿಕೆಟ್ಟನ್ನೂ ಮಾಡಿಸಿಲ್ಲ.