ತಿಪ್ಪೆಯಿಂದ ಎತ್ತಿಕೊಂಡವರು

ಕಳೆದ ತಿಂಗಳು ಬಂಗಾರಪೇಟೆಯ ಬಜಾರಿಗೆ ಮೊಮ್ಮಗಳಿಗೊಂದು ಸ್ವೆಟರ್ ಕೊಳ್ಳಲು ಹೋಗಿದ್ದೆ. ರಸ್ತೆ ಬದಿಯಲ್ಲಿ ಹಗ್ಗ ಕಟ್ಟಿ ನೇತುಹಾಕಿದ್ದವುಗಳಲ್ಲಿ ನೀಲಿಯದೊಂದನ್ನು ಇಳಿಸಿ, ಉಣ್ಣೆ ಚುಚ್ಚುತ್ತದೋ ಏನೋ ನೋಡೋಣವೆಂದು ಕೆನ್ನೆಗೆ ಒತ್ತಿಕೊಂಡೆ. ಡಾಂಬರು ಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಅಷ್ಟೇ... ಹಗ್ಗ ಹಿಡಿದು ಅಲ್ಲೇ ನಿಂತುಬಿಟ್ಟೆ. ಅಂಗಡಿಯ ಹುಡುಗ ಹೆದರಿ, "ಏನಾಯ್ತಜ್ಜಿ, ಕೂತ್ಕೊ ಕೂತ್ಕೊ" ಅಂತ ಸ್ಟೂಲು ಎಳೆದು ಹಾಕಿದ. ಅರವತ್ತು ವರ್ಷಕ್ಕೂ ಹಿಂದೆ ಒಂದು ಮಧ್ಯಾಹ್ನ ಬಿದ್ದ ಪೆಟ್ಟು ಇದು ಅಂತ ಅವನಿಗೆ ಹೇಗೆ ಹೇಳುವುದು? ಸ್ವೆಟರ್ ಕೊಳ್ಳದೆ ಬರಿಗೈಯಲ್ಲಿ ಮನೆಗೆ ಬಂದು ಸೊಸೆಯ ಹತ್ತಿರ ಬೈಸಿಕೊಂಡೆ.

ಊರಿಗಾಂನ ಚಿನ್ನದ ಗಣಿಯ ಕೂಲಿಗಳಿಗೆ ಕಟ್ಟಿದ ಸಾಲುಮನೆಗಳ ಲೈನಿನಲ್ಲಿ ನಮ್ಮ ಮನೆಗೂ ಟೀಚರಕ್ಕನ ಮನೆಗೂ ನಡುವೆ ಇದ್ದದ್ದು ಒಂದು ಬಿದಿರು ತಟ್ಟಿಯ ಗೋಡೆ. ನಮ್ಮ ಒಲೆಯ ಮೇಲೆ ಒಗ್ಗರಣೆ ಸಿಡಿದರೆ ಆ ಕಡೆ ಅವರು ಸೀನುತ್ತಿದ್ದರು. ಅವರು ಮಿಷನ್ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಸಂಜೆ ಹೊತ್ತು ಬೈಬಲ್ ಹಿಡಿದು ಲೈನಿನ ಮನೆಮನೆಗೂ ಹೋಗುತ್ತಿದ್ದರು. ಗಣಿಯೊಳಗೆ ಬಂಡೆ ಸಿಡಿದು ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ನಮ್ಮಮ್ಮನಿಗೂ ತಮ್ಮ ದೇವರ ವಿಷಯ ಹೇಳಿ ಹೇಳಿ ಸೋತಿದ್ದರು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ, "ನಿಮ್ ದೇವ್ರೂ ಇರ್ಲಿ, ನಮ್ ಗಂಗಮ್ಮನೂ ಇರ್ಲಿ, ಈಗ ಒಂದಿಷ್ಟು ಉಪ್ಪು ಕೊಡಕ್ಕ" ಅನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಒಡಹುಟ್ಟಿದವರೂ ಹಾಗೆ ಇರಲಾರರು.

ನನ್ನ ಹೆಸರು ತಿಪ್ಪಮ್ಮ. ನಗುವವರು ನಕ್ಕುಬಿಡಿ. ಲೈನಿನ ತಮಿಳರು ನನ್ನನ್ನು ಕುಪ್ಪಮ್ಮ ಅನ್ನುತ್ತಿದ್ದರು, ತೆಲುಗರು ಪೆಂಟಮ್ಮ ಅನ್ನುತ್ತಿದ್ದರು. ಮೂರು ಭಾಷೆಯಲ್ಲೂ ನಾನು ಕಸವೇ. ನನಗಿಂತ ಮೊದಲು ಅಮ್ಮ ಹೆತ್ತ ಎರಡು ಗಂಡು ಕೂಸುಗಳು ವರ್ಷ ತುಂಬುವ ಮೊದಲೇ ಹೋಗಿದ್ದವು. ಹಾಗಾದ ಮನೆಯಲ್ಲಿ ಮುಂದೆ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟುಬರುತ್ತಿದ್ದರು. ಬೇರೆ ಮನೆಯ ಹೆಂಗಸೊಬ್ಬಳು ಹೋಗಿ, ಯಾರೋ ಬಿಸಾಡಿದ ಕೂಸು ಅಂತ ಎತ್ತಿಕೊಂಡು ಬರಬೇಕು. ಹೆತ್ತವಳು ಅವಳಿಗೆ ಒಂದು ಮೊರ ತವುಡು ಕೊಟ್ಟು ತನ್ನ ಕೂಸನ್ನು ತಾನೇ ಕೊಂಡುಕೊಳ್ಳಬೇಕು. ಇದು ಯಾರಿಗೂ ಬೇಡವಾದದ್ದು, ತವುಡಿನ ಬೆಲೆಯದು, ಇದನ್ನು ಒಯ್ದು ಏನು ಮಾಡುತ್ತೀಯ ಅಂತ ಯಮನ ಕಣ್ಣಿಗೆ ಮಣ್ಣೆರಚುವ ಉಪಾಯ. ತಿಪ್ಪೆಗೆ ಹಾಕಿಸಿಕೊಂಡ ಮಗು ಅಂದರೆ ಆ ಮನೆಯವರು ಉಸಿರು ಬಿಗಿಹಿಡಿದು ಕಾಯುವ ಮಗು ಅಂತ ಅರ್ಥ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದೇ ಇಲ್ಲ.

ನನ್ನನ್ನು ಎತ್ತಿಕೊಂಡದ್ದು ಟೀಚರಕ್ಕ. ಬೈಬಲ್ ಹಿಡಿದವರು ಇಂಥದ್ದಕ್ಕೆ ಕೈ ಹಾಕುವ ಹಾಗಿರಲಿಲ್ಲ. ಆದರೆ ಹಸಿ ಬಾಣಂತಿ ಅಮ್ಮ ಅವರ ಕಾಲು ಹಿಡಿದುಕೊಂಡಳಂತೆ. ನನಗೆ ಬುದ್ಧಿ ಬಂದಾಗಿನಿಂದ ಈ ಕಥೆಯನ್ನು ಇಬ್ಬರ ಬಾಯಲ್ಲೂ ಕೇಳಿದ್ದೆ. "ತವುಡಿಗೆ ಮಾರ್ಬಿಟ್ಟೆ ನಿನ್ನ, ಕಡಿಮೆಗೆ ಓಯ್ತು ಯಾಪಾರ" ಅಂತ ಟೀಚರಕ್ಕ ನನ್ನ ಮೂಗು ಹಿಂಡುತ್ತಿದ್ದರು.

ನನಗೆ ಆರು ವರ್ಷವಿದ್ದಾಗ ಮಿಷನ್ನಿನವರು ಅವರನ್ನು ಕಡಲಾಚೆಯ ಬಿಳಿಯರ ಸೀಮೆಗೆ ಕಳಿಸಿದರು. ಅಲ್ಲಿನ ಚರ್ಚುಗಳಲ್ಲಿ ಊರಿಂದ ಊರಿಗೆ ಹೋಗಿ ಇಲ್ಲಿನ ಕೆಲಸದ ಬಗ್ಗೆ ಜನರಿಗೆ ತಿಳಿಸಬೇಕಂತೆ. ಇಂಗ್ಲಿಷ್ ಸರಿಯಾಗಿ ಬಾರದ ಸಣ್ಣ ಶಾಲೆಯ ಟೀಚರನ್ನೇ ಯಾಕೆ ಆರಿಸಿದರೋ ಯಾರಿಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ. ಲೈನಿಗೆ ಲೈನೇ ರೈಲು ಹತ್ತಿ ಬಂಗಾರಪೇಟೆ ಸ್ಟೇಷನ್ನಿನವರೆಗೂ ಹೋಗಿ ಮದ್ರಾಸಿನ ರೈಲಿಗೆ ಹತ್ತಿಸಿ ಬಂದೆವು. ಅಮ್ಮ ಹುಣಿಸೆ ತೊಕ್ಕು, ಹುರಿಹಿಟ್ಟು ಕಟ್ಟಿಕೊಟ್ಟಳು. ರೈಲು ಹೊರಟ ಮೇಲೆ ಪ್ಲಾಟ್‌ಫಾರಂ ಮೇಲೆಯೇ ಕೂತು ಅತ್ತಳು.

ಆರು ತಿಂಗಳ ಮೇಲೆ ಬಂದರು. ಬರುವಾಗ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಮುಚ್ಚಳ ತೆಗೆದರೆ ಡಾಂಬರು ಗುಳಿಗೆಯ ಘಾಟು, ಒಳಗೆ ಒಂಬತ್ತು ಸ್ವೆಟರ್. ಒಂಬತ್ತೂ ನನಗೇ! ಅಲ್ಲಿನ ಮುದುಕಿಯರು ನನಗಾಗಿ ಕೂತು ಹೆಣೆದದ್ದಂತೆ. ನಮ್ಮಮ್ಮನಿಗೆ ನೆಲ ಕಾಣಿಸಲಿಲ್ಲ. ಊರಿಗಾಂನ ಬೇಸಿಗೆಯ ಬಿಸಿಲಿನಲ್ಲಿ ದಿನಕ್ಕೊಂದು ಬಣ್ಣದ ಸ್ವೆಟರ್ ತೊಡಿಸಿ ನನ್ನನ್ನು ನಲ್ಲಿಯ ಹತ್ತಿರಕ್ಕೆ, ಅಂಗಡಿಯ ಹತ್ತಿರಕ್ಕೆ ಕರೆದೊಯ್ಯುತ್ತಿದ್ದಳು. "ಸೀಮೇಲೂ ನನ್ ಮಗ್ಳು ಗೊತ್ತು ಕಣ್ರೇ" ಅಂತ ಕೊಡ ಹಿಡಿದು ನಿಂತವರಿಗೆಲ್ಲ ಹೇಳುತ್ತಿದ್ದಳು. ನನಗೆ ಬೆವರುಗುಳ್ಳೆ ಎದ್ದು ಮೈಯೆಲ್ಲ ನವೆ. ಆದರೂ ಬಿಚ್ಚಲಿಲ್ಲ, ನನಗೂ ಜಂಬವೇ.

ಟೀಚರಕ್ಕ ಮಾತ್ರ ಮಂಕಾಗಿಬಿಟ್ಟಿದ್ದರು. ಸೀಮೆಯ ಕಥೆ ಕೇಳಲು ಬಂದವರಿಗೆ ತಲೆನೋವು ಅನ್ನುತ್ತಿದ್ದರು. ಚರ್ಚಿನಲ್ಲಿ ಸಾಕ್ಷಿ ಹೇಳಿ, ಹೋಗಿಬಂದದ್ದನ್ನು ಎಲ್ಲರ ಮುಂದೆ ನಿಂತು ಹೇಳಿ ಅಂದರೆ, ಕೆಮ್ಮು ಅಂತ ಮುಂದೂಡುತ್ತಿದ್ದರು. ನನ್ನ ಮೈಮೇಲೆ ಸ್ವೆಟರ್ ಕಂಡರೆ ಮುಖ ತಿರುಗಿಸುತ್ತಿದ್ದರು. ದೊಡ್ಡಸ್ತಿಕೆ ಬಂತು ಅಂತ ಲೈನಿನವರು ಆಡಿಕೊಂಡರು. ಅಮ್ಮ ಒಬ್ಬಳೇ ಅವರ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದಳು.

ಹೀಗೆ ಒಂದು ತಿಂಗಳಾಗಿರಬೇಕು. ಒಂದು ಮಂಗಳವಾರ ಮಧ್ಯಾಹ್ನ ಅಮ್ಮ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು, ನಾನು ಪಕ್ಕದಲ್ಲಿ ಮೈ ಕೆರೆದುಕೊಳ್ಳುತ್ತ ಕೂತಿದ್ದೆ. ಟೀಚರಕ್ಕ ಬಂದು ಹೊಸಿಲಿನ ಮೇಲೆ ಕೂತರು. ಕೈಯಲ್ಲಿ ಮಡಿಸಿದ ಒಂದು ಅಚ್ಚಿನ ಕಾಗದ ಇತ್ತು.

"ತಂಗೀ, ಇಷ್ಟೊಂದು ಸ್ವೆಟ್ರು ಯಾಕ್ ಕೊಟ್ರು ಗೊತ್ತಾ?"

"ಪ್ರೀತಿಗ್ ಕೊಟ್ರು. ಇನ್ಯಾಕೆ?" ಅಂದಳು ಅಮ್ಮ.

ಟೀಚರಕ್ಕ ಕಾಗದ ಬಿಡಿಸಿ ಅವಳ ಮುಂದಿಟ್ಟರು. ಒಂದು ಫೋಟೋ ಇತ್ತು. ನಮ್ಮ ಲೈನಿನ ಕೊನೆಯ ತಿಪ್ಪೆ, ಹಿಂದೆ ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬ, ಮೊರದಲ್ಲಿ ಒಂದು ಕೂಸು, ಬಗ್ಗಿ ಎತ್ತಿಕೊಳ್ಳುತ್ತಿರುವ ಟೀಚರಕ್ಕ. ಅಮ್ಮನ ಮುಖ ಅರಳಿತು. "ಅಯ್ಯೋ ದೇವುಡಾ, ನಮ್ ತಿಪ್ಪ!" ಅಂತ ಕಾಗದವನ್ನು ಕಣ್ಣಿಗೊತ್ತಿಕೊಂಡಳು.

ಟೀಚರಕ್ಕ ತಲೆ ತಗ್ಗಿಸಿಕೊಂಡೇ ಹೇಳತೊಡಗಿದರು. "ಅವತ್ತು ಮಿಷನ್ ದೊರೆಸಾನಿ ಸ್ಕೂಲ್ ನೋಡಕ್ಕೆ ಬಂದೋರು ನನ್ನ ಉಡುಕ್ಕೊಂಡು ತಿಪ್ಪೆ ತಾವ ಬಂದ್ರು. ಇದೇನು ಅಂದ್ರು. ಯಾರೋ ಬಿಸಾಕಿದ್ ಕೂಸು, ನಾನ್ ಎತ್ಕೊಂಡೆ ಅಂದೆ. ಫೋಟೋ ತಕ್ಕೊಂಡು ಒಂಟೋದ್ರು. ಆಮ್ಯಾಕೆ ನಾನು ಮರ್ತೇಬಿಟ್ಟಿದ್ದೆ ತಂಗಿ... ಅಲ್ಲಿ ಊರೂರಲ್ಲೂ ಸಾಯಂಕಾಲ ದೀಪ ಆರ್ಸಿ ಗೋಡೆ ಮೇಲೆ ಚಿತ್ರ ಬಿಡೋರು. ಮೊದಲ್ನೇ ದಿನ ನಮ್ ತಿಪ್ಪೆ ಕಾಣ್ತು, ಇವಳು ಕಾಣಿಸಿದ್ಲು. ಅಷ್ಟು ದೂರದಲ್ಲಿ ನಮ್ ಲೈನ್ ನೋಡಿ ಖುಷಿ ತಡೀನಾರ್ದೆ ನಕ್ಬಿಟ್ಟೆ. ತಿರುಗಿ ನೋಡಿದ್ರೆ ಎಲ್ರೂ ಅಳ್ತಾವ್ರೆ."

"ಯಾಕೆ?"

"ಈ ಮಗೂನ ಅವ್ರಮ್ಮನೇ ತಿಪ್ಪೆಗೆ ಎಸ್ದ್ಲು, ಈ ಎಂಗ್ಸು ಉಳ್ಸಿದ್ಲು ಅಂತ ಮಿಷನ್ನೋರು ಅವ್ರಿಗೆ ಯೋಳವ್ರೆ. ಈ ಕಾಗ್ದದಲ್ಲೂ ಅಂಗೇ ಅಚ್ಚಾಕವ್ರೆ. ಅದ್ಕೇ ನನ್ನ ಕರ್ಸಿದ್ದು."

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತೊಡೆಯ ಮೇಲಿದ್ದ ಮೊರ ಜಾರಿ ರಾಗಿಯೆಲ್ಲ ನೆಲಕ್ಕೆ ಚೆಲ್ಲಿತು.

"ನಾನಾ?" ಅಂದಳು. "ನಾನ್ ಎಸ್ದೆನಾ?"

ಟೀಚರಕ್ಕ ಕಾಗದವನ್ನು ತೆಗೆದು ಮಡಿಸಿದರು.

"ನೀನೇನಂದೆ ಅಲ್ಲಿ?"

"ಏನೂ ಅನ್ಲಿಲ್ಲ."

"ಎಷ್ಟ್ ದಿನ?"

"ಕೊನೇ ತನಕ. ದಿನಾ ಸಾಯಂಕಾಲ ಆ ಚಿತ್ರದ ಪಕ್ಕ ನಿಂತ್ಕೊಂಡಿದ್ದೆ."

"ಬಾಯಿರ್ಲಿಲ್ವಾ ನಿಂಗೆ!" ಅಂತ ಅಮ್ಮ ಕೂಗಿದ್ದು ಇಡೀ ಲೈನಿಗೆ ಕೇಳಿಸಿರಬೇಕು. ನನ್ನ ಮೈಮೇಲಿನ ಸ್ವೆಟರನ್ನು ತಲೆಯ ಮೇಲಿಂದ ಎಳೆದು ಕಿತ್ತಳು, ಕಿವಿ ಉರಿದುಹೋಯಿತು. ಒಂಬತ್ತನ್ನೂ ಪೆಟ್ಟಿಗೆಗೆ ತುರುಕಿ ಎಳೆದುಕೊಂಡು ಹೋಗಿ ಟೀಚರಕ್ಕನ ಬಾಗಿಲಿಗೆ ಎಸೆದು ಬಂದಳು. ಟೀಚರಕ್ಕ ಹೊಸಿಲಿನಿಂದ ಎದ್ದರು. "ನಂದೇ ತಪ್ಪು ತಂಗಿ" ಅಂದರು, ಅಷ್ಟೇ. ಚೆಲ್ಲಿದ ರಾಗಿಯನ್ನು ತುಳಿಯದ ಹಾಗೆ ದಾಟಿಕೊಂಡು ಹೋದರು.

ನನಗೆ ಆಗಿದ್ದು ಏನೆಂದು ಹೇಳಲಿ? ನಾನು ನೋಡದ ಯಾವುದೋ ದೇಶದಲ್ಲಿ ದಿನಾ ಸಂಜೆ ಜನ ನನಗಾಗಿ ಅಳುತ್ತಿದ್ದರು, ಅಲ್ಲಿ ನಮ್ಮಮ್ಮ ರಾಕ್ಷಸಿಯಾಗಿದ್ದಳು. ತಿಪ್ಪೆಯ ಕಥೆ ನನಗೆ ಬಾಯಿಪಾಠವಿತ್ತು, ಆದರೂ ಅಚ್ಚಿನಲ್ಲಿ ಬಂದದ್ದು ಸುಳ್ಳಿರುತ್ತದೆಯೇ ಅನ್ನಿಸಿಬಿಟ್ಟಿತು. ನಾಲ್ಕು ದಿನ ಅಮ್ಮನನ್ನೇ ಕಳ್ಳನೋಟ ನೋಡುತ್ತಿದ್ದೆ. ಕೊನೆಗೆ ಕೇಳಿಯೂ ಬಿಟ್ಟೆ, ನಿಜವಾಗ್ಲೂ ಬಿಸಾಕಿದ್ಯೇನಮ್ಮಾ ಅಂತ. ಕೆನ್ನೆಗೆ ಬಿತ್ತು. ಹೊಡೆದವಳೇ ನನ್ನನ್ನು ತಬ್ಬಿಕೊಂಡಳು. ಆ ಪ್ರಶ್ನೆ ಕೇಳಿದ್ದಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ಭಾನುವಾರ ಟೀಚರಕ್ಕ ಚರ್ಚಿನಲ್ಲಿ ಆ ಕಾಗದ ಎತ್ತಿ ತೋರಿಸಿ ಸಾಕ್ಷಿ ಹೇಳಿದರು. ಈ ಮಗುವಿನ ತಾಯಿ ನನ್ನ ಪಕ್ಕದ ಮನೆಯವಳು, ಅವಳು ಎಸೆಯಲಿಲ್ಲ ಅಂತ ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಹೇಳಿದರಂತೆ. ದೊರೆಸಾನಿಯ ಮುಖ ಸುಣ್ಣವಾಯಿತಂತೆ. ಆದರೆ ಚರ್ಚಿನ ದೊಡ್ಡವರೆಲ್ಲ ಹಿಡಿದುಕೊಂಡದ್ದು ಬೇರೆ ಮಾತನ್ನು. ಸುವಾರ್ತೆ ಸಾರುವವಳು ಅಜ್ಞಾನಿಗಳ ಶಾಸ್ತ್ರಕ್ಕೆ ಯಾಕೆ ಕೈ ಹಾಕಿದಳು? ಶಾಲೆಯ ಕೆಲಸ ಹೋಯಿತು. ಬಂಗಾರಪೇಟೆಯಿಂದ ಆಚೆ ಯಾವುದೋ ಹಳ್ಳಿಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಕೆಲಸ ಕೊಟ್ಟು ಕಳಿಸಿದರು.

ಹೊರಡುವ ದಿನ ನಮ್ಮ ಬಾಗಿಲು ತಟ್ಟಿದರು. ಅಮ್ಮ ಒಳಗಿಂದ ಅಗುಳಿ ಹಾಕಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಸ್ವಲ್ಪ ಹೊತ್ತು ನಿಂತು, "ತಿಪ್ಪಾ, ಚೆನ್ನಾಗಿ ಓದ್ಕೋ" ಅಂದರು. ನಾನು ಬಾಯಿ ತೆರೆಯಲು ಹೋದರೆ ಅಮ್ಮ ಕಣ್ಣು ಬಿಟ್ಟಳು. ಹೆಜ್ಜೆಯ ಸದ್ದು ದೂರವಾಯಿತು... ಅಷ್ಟು ನೆನಪಿದೆ.

ಅರವತ್ತರ ದಶಕದ ಕೊನೆಯಲ್ಲಿ ನನ್ನ ಮದುವೆ ಗೊತ್ತಾಯಿತು. ನಮ್ಮಲ್ಲಿ ತಿಪ್ಪೆಗೆ ಹಾಕಿದ ಮಗುವಿನ ಮದುವೆಯಲ್ಲಿ ಮೊದಲ ಸೀರೆ, ತಿಪ್ಪೆಯಿಂದ ಎತ್ತಿಕೊಂಡವಳಿಗೆ. ಅಮ್ಮ ಯಾರಿಗೂ ಹೇಳದೆ ಬಂಗಾರಪೇಟೆಗೆ ಹೋಗಿ, ನನ್ನ ಧಾರೆ ಸೀರೆಗಿಂತ ಒಂದು ಕೈ ಮೇಲಾದ ಸೀರೆಯನ್ನೇ ತಂದಳು. ಅದನ್ನು ಸೋದರಮಾವನ ಕೈಗೆ ಕೊಟ್ಟು, "ಕಾಲ್ ಇಡ್ಕೊಂಡಾದ್ರೂ ಕರ್ಕೊಂಬಾ" ಅಂತ ಕಳಿಸಿದಳು. ನನಗೆ ಆಶ್ಚರ್ಯ. ಹನ್ನೊಂದು ವರ್ಷ ಅವಳ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. ಮಾವ ಸಂಜೆಗೆ ಸೀರೆಯನ್ನು ಹಾಗೆಯೇ ಕಂಕುಳಲ್ಲಿಟ್ಟುಕೊಂಡು ವಾಪಸು ಬಂದ. ಟೀಚರಕ್ಕ ಎರಡು ವರ್ಷದ ಹಿಂದೆಯೇ ಜ್ವರ ಬಂದು ಹೋಗಿಬಿಟ್ಟಿದ್ದರು.

ಅಮ್ಮ ಚಪ್ಪರದ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಳು. ಬಂದವರನ್ನೆಲ್ಲ ಆಚೆ ಕಳಿಸಿ ನಾನು ಪಕ್ಕದಲ್ಲಿ ಕೂತೆ.

"ನಾನೇ ಮಾತು ತಕ್ಕೊಂಡಿದ್ದೆ ಕಣೇ ತಿಪ್ಪ" ಅಂದಳು. "ಏಳು ವರ್ಷ ತುಂಬೋಗಂಟ ಒರಗ್ನೋರು ಯಾರ್ ಕೇಳಿದ್ರೂ ಬಿಸಾಕಿದ್ ಕೂಸು ಅಂತಾನೇ ಯೋಳ್ಬೇಕು, ಅವ್ರ ಮುಂದೆ ನಿಜ ಬಾಯಿಗ್ ಬಂದ್ರೆ ಇದೂ ಓಯ್ತದೆ ಅಂತ ನಿನ್ ತಲೆ ಮೇಲೆ ಅವ್ಳ ಕೈ ಇಡ್ಸಿದ್ದೆ. ಅವತ್ತು ಸೋಮವಾರ ನಿಂಗೆ ಏಳು ತುಂಬ್ತು. ಮಂಗಳವಾರ ಬಂದು ಯೋಳಿದ್ಲು."

"ನಿಂಗೆ ಅವತ್ತು ಗೊತ್ತಾಗ್ಲಿಲ್ವೇನಮ್ಮಾ?"

"ಗೊತ್ತಾಯ್ತು. ಸಾಯಂಕಾಲದೊಳ್ಗೇ ಗೊತ್ತಾಯ್ತು."

"ಮತ್ತೆ ಬಾಗ್ಲು ಯಾಕೆ ತೆಗೀಲಿಲ್ಲ?"

"ಯಾವ್ ಮಕ ಇಟ್ಕೊಂಡು ತೆಗೀಲಿ?" ಅಂದಳು.

ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಗಣಿ ಮುಚ್ಚಿತು, ನಮ್ಮ ಲೈನಿನ ಆ ಸಾಲು ಬಿದ್ದುಹೋಯಿತು. ಎರಡು ಕೂಸು ಹೋದ ಮೇಲೆ ಹುಟ್ಟಿದ ನಾನು ಎಪ್ಪತ್ತು ದಾಟಿ ಗಟ್ಟಿಯಾಗಿ ಕೂತಿದ್ದೇನೆ. ಟೀಚರಕ್ಕನಿಗೆ ನಮ್ಮ ಯಮನಲ್ಲಿ, ನಮ್ಮ ತವುಡಿನಲ್ಲಿ ಕವಡೆಯಷ್ಟೂ ನಂಬಿಕೆ ಇರಲಿಲ್ಲ. ಆದರೂ ಆರು ತಿಂಗಳು, ಭಾಷೆ ಬಾರದ ಊರುಗಳಲ್ಲಿ, ಅಳುವ ಜನರ ಎದುರು, ನನ್ನ ಜೀವಕ್ಕೆ ಏನಾದರೂ ಆದೀತು ಅಂತ ತುಟಿ ಕಚ್ಚಿಕೊಂಡು ನಿಂತಿದ್ದರು. ಅವರನ್ನು ಮಣ್ಣು ಮಾಡಿದ ಹಳ್ಳಿಗೆ ಬಂಗಾರಪೇಟೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹೋಗಿ ಒಂದು ಹೂವಿಟ್ಟು ಬರಬಹುದಿತ್ತು. ಐವತ್ತು ವರ್ಷದ ಮೇಲಾಯಿತು, ನಾನೂ ಹೋಗಲಿಲ್ಲ.