ಹತ್ತು ಕಾಯಿಯ ಹೊತ್ತು

ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಕರಟದಿಂದ ಬಿಟ್ಟಿದೆಯೋ ಇಲ್ಲವೋ ಎಂದು ಸಣ್ಣತಾಯಮ್ಮ ಹೇಳಬಲ್ಲಳು. ಬಿಟ್ಟ ಕೊಬ್ಬರಿ ಉಂಡೆ ಲೊಟಲೊಟ ಎನ್ನುತ್ತದೆ. ಬಿಡದ ಕಾಯಿ ಸುಮ್ಮನಿರುತ್ತದೆ. ಅದಕ್ಕೆ ಮಚ್ಚು ತಾಕಿಸಿದರೆ ಉಂಡೆ ಒಡೆದು ಬೆಲೆ ಕಳೆದುಕೊಳ್ಳುತ್ತದೆ. ಜಾವಗಲ್ಲಿನಿಂದ ಎರಡು ಮೈಲಿ ದೂರದ ಆ ಊರಿನಲ್ಲಿ ರಾಮಣ್ಣನವರ ಅಟ್ಟದಿಂದ ಇಳಿಸಿದ ಕಾಯಿಗಳ ಕರಟ ಬಿಡಿಸುವುದು ಅವಳ ಕೆಲಸ. ಗಂಡ ಗಿಡ್ಡಪ್ಪ ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಭಾನುವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ.

ಒಬ್ಬಳೇ ಮಗಳು ಮಂಜುಳಾ. ಹುಟ್ಟಿದಾಗ ಅಳಲಿಲ್ಲ. ಸೂಲಗಿತ್ತಿ ಬೆನ್ನಿಗೆ ತಟ್ಟಿ ತಟ್ಟಿ ಕೈಸೋತ ಮೇಲೆ ಸಣ್ಣದೊಂದು ನರಳಿಕೆ ಬಂತು. ವರ್ಷವಾದರೂ ಕತ್ತು ನಿಲ್ಲಲಿಲ್ಲ, ಎರಡಾದರೂ ಕೂರಲಿಲ್ಲ. ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಂಡಿರುತ್ತಿದ್ದವು. ಹುಟ್ಟುವಾಗ ಮಿದುಳಿಗೆ ಉಸಿರು ಸಾಲಲಿಲ್ಲ, ಬುದ್ಧಿಗೆ ಏನೂ ಆಗಿಲ್ಲ, ಮೈ ಮಾತ್ರ ಹೇಳಿದ ಮಾತು ಕೇಳುವುದಿಲ್ಲ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದರು.

ಆಗ ಸಣ್ಣತಾಯಮ್ಮ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಹೋಗುವಾಗ ಹಳೆಯ ಹಸಿರು ಸೀರೆಯ ತುಂಡಿನಿಂದ ಮಗುವನ್ನು ನಡುಮನೆಯ ಕಂಬಕ್ಕೆ ಕಟ್ಟಿ, ಕೈಗೆಟಕುವಂತೆ ಮುದ್ದೆಯ ಚೂರು ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೋಗುವಳು. ಬೇರೆ ದಾರಿ ಇರಲಿಲ್ಲ. ತೊಂಬತ್ತಾರರ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ರಾಗಿ ಕೊಯ್ದು ಬಂದಾಗ, ಮುದ್ದೆಗೆ ಮುತ್ತಿದ ಕೆಂಜಿಗ ಮಗುವಿನ ತೊಡೆಯವರೆಗೆ ಹತ್ತಿತ್ತು. ಮಂಜುಳಾ ಅಳುತ್ತಿರಲಿಲ್ಲ. ಅತ್ತು ಅತ್ತು ಸದ್ದು ಹೋಗಿತ್ತು. ಬಾಯಿ ಮಾತ್ರ ತೆರೆದಿತ್ತು.

ಮರುದಿನ ಬೆಳಿಗ್ಗೆ ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಗ್ರಾಮಲೆಕ್ಕಿಗ ಸಿದ್ದಬಸಪ್ಪನವರ ಜಗಲಿಯ ಕೆಳಗೆ ಹೋಗಿ ಕೂತಳು. ಅಂಗವಿಕಲರಿಗೆ ಸರ್ಕಾರ ತಿಂಗಳ ಮಾಸಾಶನ ಕೊಡುತ್ತದೆ ಎಂದು ಯಾರೋ ಬಸ್ಸಿನಲ್ಲಿ ಹೇಳಿದ್ದರು. ಅರ್ಜಿ, ಫೋಟೋ, ಡಾಕ್ಟರ ಸರ್ಟಿಫಿಕೇಟು ಎಂದು ಏಳು ಸಲ ಅಲೆದ ಮೇಲೆ ಅದು ಮಂಜೂರಾಯಿತು. ಟಪಾಲು ಜವರಪ್ಪ ಮೊದಲ ಮನಿಯಾರ್ಡರ್ ತಂದುಕೊಟ್ಟ ದಿನವೇ ಅವಳು ಹೊರಗಿನ ಕೂಲಿ ಬಿಟ್ಟಳು. ಕಾಯಿಯನ್ನು ನಿನ್ನ ಅಂಗಳಕ್ಕೇ ತಂದು ಸುರಿಸಬೇಕಾದರೆ ಕೂಲಿ ಕಡಿಮೆ ಎಂದು ರಾಮಣ್ಣ ಕಡ್ಡಿ ಮುರಿದಂತೆ ಹೇಳಿದ್ದರು. ಆ ಕಡಿಮೆಯನ್ನು ಮನಿಯಾರ್ಡರ್ ತುಂಬಿತು. ಕಂಬ ಖಾಲಿಯಾಯಿತು. ಹಸಿರು ತುಂಡು ಮಾತ್ರ ಅದರ ಮೊಳೆಯಲ್ಲೇ ಉಳಿಯಿತು.

ಗುಂಡಿಯ ಉಪಾಯ ಪಕ್ಕದ ಮನೆಯ ಮುದುಕಿ ದ್ಯಾವಮ್ಮನದು. ಅಂಗಳದಲ್ಲಿ ಮಗುವಿನ ಸೊಂಟದಾಳಕ್ಕೆ ಗುಂಡಿ ತೋಡಿ, ಮಂಜುಳಾಳನ್ನು ಅದರೊಳಗೆ ನಿಲ್ಲಿಸಿ, ಸುತ್ತಲೂ ತೆಂಗಿನ ನಾರನ್ನು ಒತ್ತಿ ಒತ್ತಿ ತುಂಬುವುದು. ನಾರು ಮೆತ್ತಗೆ ಹಿಡಿದುಕೊಳ್ಳುತ್ತದೆ, ಬೀಳಲು ಬಿಡುವುದಿಲ್ಲ. ಗುಂಡಿಯ ಪಕ್ಕ ಕೂತು ಸಣ್ಣತಾಯಮ್ಮ ಕಾಯಿ ಒಡೆಯುವಳು, ಮಗಳು ಎಣಿಸುವಳು. ಮೊದಲು ಎರಡು ಕಾಯಿಯ ಹೊತ್ತು. ಆಮೇಲೆ ಐದು. ವರ್ಷ ಕಳೆದಂತೆ ನಾರು ಕಡಿಮೆಯಾಯಿತು, ಕಾಯಿ ಹೆಚ್ಚಾಯಿತು. ಎಂಟನೆಯ ವಯಸ್ಸಿಗೆ ಮಂಜುಳಾ ಗುಂಡಿಯ ಹೊರಗೆ, ಬರೀ ಗೋಡೆ ಹಿಡಿದು, ಹತ್ತು ಕಾಯಿಯ ಹೊತ್ತು ನಿಲ್ಲುವಳು. ಆಮೇಲೆ ಮಂಡಿ ನಡುಗಿ ಕುಸಿಯುವಳು. ಕುಸಿದವಳು ನಗುವಳು.

ಎರಡು ಸಾವಿರದ ಒಂದರ ಆಷಾಢದಲ್ಲಿ ಸಿದ್ದಬಸಪ್ಪ ಮೋಟಾರು ಬೈಕು ನಿಲ್ಲಿಸಿ ಬೇಲಿಯಾಚೆಯಿಂದಲೇ ಕೂಗಿದರು.

"ಏ ಸಣ್ಣತಾಯಿ! ಮಾಸಾಶನದವರಿಗೆಲ್ಲ ಮರುತಪಾಸಣೆ ಬಂದೈತೆ. ಬುಧವಾರ ಅರಸೀಕೆರೆಗೆ ಮಗೀನ ಎತ್ಕೊಂಡ್ ಬಾ. ಅದಾಗೋ ತಂಕ ಎಲ್ಲರದ್ದೂ ತಡೆ ಹಿಡಿದವ್ರೆ."

ಮಾತು ಮುಗಿಸಿ ಹೊರಟವರ ಕಣ್ಣು ಗೋಡೆಯ ಕಡೆ ಬಿತ್ತು. ಮಂಜುಳಾ ನಿಂತಿದ್ದಳು.

"ಇದೇನಮ್ಮಾ, ನಿಂತವಳೆ!"

"ಹೂಂ ಬುದ್ಧಿ. ಹತ್ ಕಾಯಿ ಹೊತ್ತು," ಎಂದಳು ಸಣ್ಣತಾಯಮ್ಮ, ಹೆಮ್ಮೆಯಿಂದ.

ಸಿದ್ದಬಸಪ್ಪ ದನಿ ತಗ್ಗಿಸಿದರು. "ಅಲ್ಲಿ ಇದನ್ನ ತೋರ್ಸಾಕೆ ಹೋಗ್ಬೇಡ. ವಾಸಿ ಆಯ್ತು ಅಂತ ಬರ್ಕೊಂಡ್ರೆ ಮುಗೀತು, ಹೆಸರು ಹೊಡ್ದಾಕ್ತಾರೆ. ಆಮೇಲೆ ನನ್ನ ಕೇಳ್ಬೇಡ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ರಾತ್ರಿ ಸಣ್ಣತಾಯಮ್ಮ ಮೊಳೆಯ ಮೇಲಿನ ಹಸಿರು ತುಂಡನ್ನು ಮೂರು ಸಲ ನೋಡಿದಳು.

ಬುಧವಾರ ಬೆಳಿಗ್ಗೆ ಮಗಳ ಕಾಲುಗಳನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು. ಜಾವಗಲ್ಲಿನಲ್ಲಿ ಬಸ್ಸು ಹತ್ತಿದಾಗಿನಿಂದ ಮಂಜುಳಾಳದು ಒಂದೇ ಪ್ರಶ್ನೆ. ಅವಳ ಮಾತು ಎಳೆದೆಳೆದು ಬರುತ್ತಿತ್ತು, ರಕಾರವೆಲ್ಲ ಲಕಾರವಾಗುತ್ತಿತ್ತು. ತಾಯಿಗೆ ಮಾತ್ರ ಅದರಲ್ಲಿ ಎಲ್ಲವೂ ಸ್ಪಷ್ಟ.

"ಡಾಕ್ಟ್ಲು ಮುಂದೆ ಹತ್ತು ನಿಲ್ಲಾನಾ, ಹನ್ನೆಲ್ಡಾ?"

"ನಿಂತ್ಕಬ್ಯಾಡ ಮಗ ಇವತ್ತು."

"ಯಾಕೆ?"

ಸಣ್ಣತಾಯಮ್ಮ ಕಿಟಕಿಯಾಚೆ ನೋಡಿದಳು. ತೋಟಗಳು ಹಿಂದೆ ಹಿಂದೆ ಓಡುತ್ತಿದ್ದವು. ಸುಳ್ಳು ಹುಡುಕಿದಳು, ಸಿಗಲಿಲ್ಲ. ನಿಜವನ್ನೇ ಹೇಳಿಬಿಟ್ಟಳು. "ನೀನು ನಿಂತ್ಕಂಡ್ರೆ ಜವರಪ್ಪಣ್ಣ ದುಡ್ಡು ತರಾಕಿಲ್ಲ. ಅದು ಬರ್ದಿದ್ರೆ ನಾನು ಕೂಲಿಗೆ ಹೋಗ್ಬೇಕು. ನಾನು ಹೋದ್ರೆ ನಿನ್ನ..."

ಮುಂದಿನದನ್ನು ಹೇಳಬೇಕಾಗಲಿಲ್ಲ. ಮಗಳ ಕೈ ತನ್ನ ಸೊಂಟವನ್ನು ಮುಟ್ಟಿ ನೋಡಿಕೊಂಡಿತು, ಐದು ವರ್ಷದ ಹಿಂದೆ ಸೀರೆ ಬಿಗಿದಿದ್ದ ಜಾಗವನ್ನು. 

ತಪಾಸಣೆ ನಡೆಯುತ್ತಿದ್ದ ಶಾಲೆಯ ಹೊರಗೆ ಹುಣಸೆಮರದ ನೆರಳ ತುಂಬಾ ಜನ. ಊರುಗೋಲು, ಗಾಡಿ, ಹೆಗಲ ಮೇಲಿನ ಮಕ್ಕಳು. ಒಬ್ಬರ ಮುಖ ಒಬ್ಬರು ನೋಡುವರು, ಯಾರ ಹೆಸರು ಉಳಿದೀತು ಎಂದು ಅಳೆಯುವರು. ಮೊಣಕಾಲಿನಿಂದ ಕೆಳಗೆ ಒಂದು ಕಾಲಿಲ್ಲದ ಕೆಂಚಯ್ಯ ಎಂಬವನೊಬ್ಬ ಬೀಡಿ ಸೇದುತ್ತಾ ನಿರಾಳವಾಗಿದ್ದ.

"ನಂಗೇನು ಯೋಚ್ನೆ ಇಲ್ಲ ಕಣವ್ವ. ಐದ್ ವರ್ಸದಿಂದ ದಿನಾ ನೋಡ್ತಾವ್ನಿ, ಇದು ಒಂದ್ ಬೆಳ್ಳೂ ಬೆಳ್ದಿಲ್ಲ. ಡಾಕ್ಟ್ರಿಗೆ ಬೇಕಾದ್ರೆ ಟೇಪ್ ಹಿಡ್ಕೊಂಡ್ ನೋಡ್ಲಿ!"

ಸುತ್ತಲಿನವರು ನಕ್ಕರು. ಸಣ್ಣತಾಯಮ್ಮನೂ ನಗಲು ನೋಡಿದಳು. ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು.

ಡಾಕ್ಟರು ನಡುವಯಸ್ಸಿನವರು, ಆಯಾಸಗೊಂಡವರು. ಮಂಜುಳಾಳನ್ನು ಮೇಜಿನ ಮೇಲೆ ಕೂರಿಸಿ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಕಾಲು ಮಡಿಸಿ ಬಿಡಿಸಿದರು. "ನಿಂತ್ಕೋತಾಳಾ?"

"ಇಲ್ಲ ಸ್ವಾಮಿ."

"ಹಿಡ್ಕೊಂಡು?"

"ಇಲ್ಲ."

ಡಾಕ್ಟರು ಮಗುವಿನ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಇನ್ನೊಂದು ಪಾದವನ್ನೂ ಒತ್ತಿದರು. ಸಣ್ಣತಾಯಮ್ಮನಿಗೆ ಆಗ ಹೊಳೆಯಿತು. ಮಣ್ಣನ್ನು ತೊಳೆದಿದ್ದಳು. ಹಿಮ್ಮಡಿ ಜಡ್ಡುಗಟ್ಟಿದ್ದು ತೊಳೆದರೆ ಹೋಗುತ್ತದೆಯೇ? ಎಂದೂ ನಿಲ್ಲದ ಮಗುವಿನ ಪಾದ ಬೆಣ್ಣೆಯ ಹಾಗಿರುತ್ತದೆ. ಮಂಜುಳಾಳದು ಹೊಲದಲ್ಲಿ ಓಡಾಡುವ ಮಕ್ಕಳ ಪಾದದಂತೆ ಒರಟಾಗಿತ್ತು. ಡಾಕ್ಟರು ಕಿರುಬೆರಳ ಸಂದಿಯಿಂದ ಎಳೆ ನಾರೊಂದನ್ನು ಮೆಲ್ಲಗೆ ಎಳೆದು ತೆಗೆದರು. ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಪುಟ್ಟಿ, ಒಂದ್ಸಲ ನಿಂತ್ಕೋ ನೋಡೋಣ," ಎಂದರು ನೇರವಾಗಿ ಮಗುವಿಗೆ.

ಮಂಜುಳಾ ತಾಯಿಯ ಮುಖ ನೋಡಿದಳು. ನಿಲ್ಲಲು ಒಂದು ಕಣ್ಸನ್ನೆ ಸಾಕಾಗುತ್ತಿತ್ತು. ಸಣ್ಣತಾಯಮ್ಮ ಕಣ್ಣು ತಗ್ಗಿಸಿದಳು.

"ಬಲಾಕಿಲ್ಲ," ಎಂದಳು ಮಗಳು.

ಡಾಕ್ಟರು ಇನ್ನೇನೂ ಕೇಳದೆ ಬರೆದುಕೊಂಡರು. ಗುಮಾಸ್ತ ಮೊಹರು ಒತ್ತುವಾಗ, ಸಣ್ಣತಾಯಮ್ಮನಿಗಷ್ಟೇ ಕೇಳುವಂತೆ ಹೇಳಿದರು: "ನೋಡಮ್ಮ, ನಾಲ್ಕು ನಿಮಿಷ ನಿಂತ್ರೆ ವಾಸಿ ಆಯ್ತು ಅಂತ ಬರೆಯೋಷ್ಟು ದಡ್ಡ ಅಲ್ಲ ನಾನು. ಈ ಮಗು ಬೇರೆಯವರ ಕೈ ಇಲ್ಲದೆ ಬಚ್ಚಲಿಗೂ ಹೋಗೋ ಹಾಗಿಲ್ಲ. ಅದನ್ನೇ ಬರ್ದಿದೀನಿ. ಯಾರು ಹೆದರಿಸಿದ್ರು ನಿನ್ನ? ನಿಲ್ಲಿಸೋದು ಬಿಡಬೇಡ. ಬಿಟ್ರೆ ಹಿಮ್ಮಡಿ ಮೇಲೇಳುತ್ತೆ, ಆಮೇಲೆ ನಿಂತ್ಕೋಬೇಕು ಅಂದ್ರೂ ಆಗಲ್ಲ."

ಹಾಗಾದರೆ ಹೇಳಿದ ಸುಳ್ಳು ಬೇಕೇ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಮಾಧಾನವಾಯಿತು. ಆದರೆ ಊರಿಗೆ ಬಂದಾಗ ಸಿದ್ದಬಸಪ್ಪ ಅಂದರು: "ಡಾಕ್ಟ್ರು ಬರ್ದುಬಿಟ್ರೆ ಆಯ್ತೇ? ತಾಲ್ಲೂಕು ಆಫೀಸಿಂದ ಆರ್ಡರ್ ಬರ್ಬೇಕು. ಅಲ್ಲೀ ತಂಕ ಹುಷಾರು."

ಆ ಒಂದು ಮಾತಿಗೆ ಸಣ್ಣತಾಯಮ್ಮ ಮಗಳನ್ನು ಗೋಡೆಗೆ ನಿಲ್ಲಿಸುವುದನ್ನು ಬಿಟ್ಟಳು. ಬೇಲಿಯಾಚೆ ಯಾರು ಹೋದರೂ ಕತ್ತೆತ್ತಿ ನೋಡುವಳು. ಒಂದು ವಾರ, ಇನ್ನೊಂದು ವಾರ. ಎರಡು ತಿಂಗಳು ಮನಿಯಾರ್ಡರ್ ಇಲ್ಲ. ಮಂಜುಳಾ ಗೋಡೆಗೊರಗಿ ಕೂತು, ಕಾಯಿಗಳನ್ನು ಕಿವಿಗೆ ಹಿಡಿದು ಬಿಟ್ಟದ್ದು ಇತ್ತ, ಬಿಡದ್ದು ಅತ್ತ ಎಂದು ಬೇರೆ ಮಾಡುತ್ತಿದ್ದಳು. ಎಣಿಸುತ್ತಿರಲಿಲ್ಲ.

ಒಂದು ದಿನ ದ್ಯಾವಮ್ಮ ಬಂದು ಮಗುವಿನ ಕಾಲು ಮುಟ್ಟಿ ನೋಡಿ ಸಿಡುಕಿದಳು. "ಏನ್ ಮಾಡಿದ್ದೀಯೆ ಮುಂಡೇದೇ? ನೋಡಿಲ್ಲಿ, ಹಿಮ್ಮಡಿ ನೆಲ ಮುಟ್ತಾ ಇಲ್ಲ! ಹೆಣ್ಣೇ, ಆ ದುಡ್ಡು ಈ ಕಾಲಿಗೇ ಅಲ್ವೇನೇ ಬರ್ತಿದ್ದಿದ್ದು?"

ನಿಜ. ಹಿಮ್ಮಡಿ ಒಂದು ಬೆರಳಿನಷ್ಟು ಮೇಲೆದ್ದಿತ್ತು. ಸಣ್ಣತಾಯಮ್ಮ ಅಂದೇ ಗುಂಡಿ ಬಗೆದು ಹೊಸ ನಾರು ತಂದಳು. ಮಗಳನ್ನು ಎತ್ತಿ ಇಳಿಸಲು ಹೋದರೆ ಮಂಜುಳಾ ಕಿರುಚಿದಳು. ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ತಾಯಿಯ ಕುಪ್ಪಸ ಹರಿಯುವಂತೆ ಹಿಡಿದುಕೊಂಡಳು.

"ನಿಲ್ಲಾಕಿಲ್ಲ! ಕಂಬಕ್ಕೆ ಕಟ್ತೀಯ!"

"ಡಾಕ್ಟ್ರೇ ನಿಲ್ಲು ಅಂದವ್ರೆ ಮಗ."

"ಡಾಕ್ಟ್ಲು ನಾನ್ ನಿಂತಿದ್ ನೋಡ್ಲಿಲ್ಲ. ಅದಕ್ಕೇ ಬಲ್ಕೊಟ್ಲು."

ಸಣ್ಣತಾಯಮ್ಮ ಹಸಿರು ತುಂಡನ್ನು ಮೊಳೆಯಿಂದ ಕಿತ್ತು ಒಲೆಗೆ ಹಾಕಿದಳು. ಮಗಳು ಅದು ಉರಿಯುವುದನ್ನು ನೋಡಿದಳು, ನಂಬಲಿಲ್ಲ. ಸೀರೆಗಳು ಮನೆಯಲ್ಲಿ ಇನ್ನೂ ಇದ್ದವು. ಗಿಡ್ಡಪ್ಪ ಭಾನುವಾರ ಬಂದು ಬೆಂಡು ಬತ್ತಾಸು ತೋರಿಸಿ ಪುಸಲಾಯಿಸಿದ. ಅದಕ್ಕೂ ಬಗ್ಗಲಿಲ್ಲ. ದಿನಗಳು ಹೋಗುತ್ತಿದ್ದವು. ಸಣ್ಣತಾಯಮ್ಮ ಪ್ರತಿ ಬೆಳಿಗ್ಗೆ ಮಗಳ ಹಿಮ್ಮಡಿಯ ಕೆಳಗೆ ಬೆರಳು ತೂರಿಸಿ ನೋಡುವಳು. ಒಂದು ಬೆರಳು ಸಲೀಸಾಗಿ ಹೋಗುತ್ತಿತ್ತು. ಎರಡನೆಯದೂ ಹೋದರೆ ಕತೆ ಮುಗಿಯಿತು ಎಂದುಕೊಳ್ಳುವಳು.

ಗಣೇಶನ ಹಬ್ಬ ಕಳೆದ ಮೇಲಿನ ಶುಕ್ರವಾರ ಜವರಪ್ಪನ ಸೈಕಲ್ ಗಂಟೆ ಕೇಳಿಸಿತು.

"ಸಣ್ಣತಾಯಕ್ಕ, ಬಂತು ನೋಡು! ಎರಡೂ ತಿಂಗಳದ್ದು ಒಟ್ಟಿಗೇ. ಹೆಬ್ಬೆಟ್ ತಾ, ಹೆಬ್ಬೆಟ್ ತಾ. ಊರೆಲ್ಲ ಸುತ್ತಬೇಕು."

ಸಣ್ಣತಾಯಮ್ಮ ಮಚ್ಚು ಕೆಳಗಿಟ್ಟಳು. ಆದರೆ ಕೈ ಚಾಚಲಿಲ್ಲ. ಗೋಡೆಯ ಬುಡದಲ್ಲಿ ಕೂತ ಮಗಳು ಜವರಪ್ಪನ ಖಾಕಿ ಚೀಲವನ್ನೇ ನೋಡುತ್ತಿದ್ದಳು. ಆಗ ಸಣ್ಣತಾಯಮ್ಮನಿಗೆ ಒಂದು ಯೋಚನೆ ಬಂತು, ಬಂದಷ್ಟೇ ಬೇಗ ಹೆದರಿಕೆಯೂ ಬಂತು. ಜವರಪ್ಪ ಹನ್ನೆರಡು ಊರಿಗೆ ಟಪಾಲು ಕೊಡುವವನು, ಹನ್ನೆರಡು ಊರಿಗೆ ಸುದ್ದಿಯನ್ನೂ ಕೊಡುವವನು.

"ಜವರಪ್ಪಣ್ಣ, ಒಸಿ ತಡಿ. ಇವಳು ನಿಂತ್ಕತಾಳೆ. ಇವಳು ನಿಂತಿರೋವಾಗ ಇವಳ ಕೈಗೇ ಕೊಡು."

ಜವರಪ್ಪ ಹಿಂದೆ ಸರಿದ. "ಅಯ್ಯೋ, ಬ್ಯಾಡ ಕಣಕ್ಕ! ಸಿದ್ದಬಸಪ್ಪನೋರು ಏನಂದ್ರು ಅಂತ ನಂಗೂ ಗೊತ್ತು. ನಾನೇನೂ ನೋಡಿಲ್ಲ, ನಂಗೇನೂ ಗೊತ್ತಿಲ್ಲ." ಹಾಗೆನ್ನುತ್ತಾ ಮುಖವನ್ನು ತೆಂಗಿನಮರದ ಕಡೆ ತಿರುಗಿಸಿಯೇಬಿಟ್ಟ.

"ನೋಡ್ಬೇಕು ಕಣಣ್ಣ!" ಎಂದು ಸಣ್ಣತಾಯಮ್ಮ ಕೂಗಿದಳು. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು. "ನೀನು ನೋಡಿಯೂ ಕೊಟ್ರೇನೇ ಅವಳು ನಂಬೋದು. ದುಡ್ಡು ಕೊಡೋ ಸರ್ಕಾರದ ಮನುಷ್ಯ ಅಂತ ಅವಳಿಗೆ ಗೊತ್ತಿರೋನು ನೀನೊಬ್ಬನೆ. ಹೋಗಿ ಯಾರಿಗೆ ಬೇಕಾದ್ರೂ ಹೇಳ್ಕೋ. ಈಗ ಇತ್ಲಾಗ್ ತಿರುಗು!"

ಜವರಪ್ಪ ನಿಧಾನವಾಗಿ ತಿರುಗಿದ. ಚೀಲದಿಂದ ನೋಟು ತೆಗೆದ. ಹತ್ತಿರ ಬಂದು, ಮಂಜುಳಾಳ ತಲೆಗಿಂತ ಸ್ವಲ್ಪ ಮೇಲೆ, ಎದ್ದರೆ ಮಾತ್ರ ಸಿಗುವ ಎತ್ತರಕ್ಕೆ ಹಿಡಿದ.

"ಬಾರವ್ವ. ಮೇಲ್ ಬಂದು ಈಸ್ಕೋ."

ಮಂಜುಳಾ ನೋಟು ನೋಡಿದಳು, ತಾಯಿಯನ್ನು ನೋಡಿದಳು. ಈ ಸಲ ಸಣ್ಣತಾಯಮ್ಮ ಕಣ್ಣು ತಗ್ಗಿಸಲಿಲ್ಲ. ಹತ್ತಿರಕ್ಕೂ ಹೋಗಲಿಲ್ಲ, ಸೆರಗನ್ನು ಮುಷ್ಟಿಯಲ್ಲಿ ಹಿಂಡಿಕೊಂಡು ನಿಂತಲ್ಲೇ ನಿಂತಳು. ಮಗಳ ಬೆರಳುಗಳು ಗೋಡೆಯ ಬಿರುಕನ್ನು ಹುಡುಕಿದವು. ಮಂಡಿ ಮಡಚಿತು, ಜಾರಿತು, ಮತ್ತೆ ಮಡಚಿತು. ಅರ್ಧ ಎದ್ದವಳು ಹಾಗೇ ನಡುಗುತ್ತಾ ಉಳಿದಳು. ಜವರಪ್ಪನ ಕೈ ತಾನಾಗಿ ಕೆಳಗಿಳಿಯಹೊರಟಿತು.

"ಇಳಿಸ್ಬ್ಯಾಡ," ಎಂದಳು ಸಣ್ಣತಾಯಮ್ಮ.

ಮಂಜುಳಾ ಎದ್ದಳು. ತುದಿಗಾಲಿನ ಮೇಲೆ, ಹಿಮ್ಮಡಿ ನೆಲ ಮುಟ್ಟದೆ, ಸೊಟ್ಟಗೆ. ಒಂದು ಕೈ ಗೋಡೆಯಲ್ಲಿ. ಇನ್ನೊಂದು ಕೈ ಗಾಳಿಯಲ್ಲಿ ಎರಡು ಸಲ ತಪ್ಪಿ, ಮೂರನೆಯ ಸಲ ನೋಟನ್ನು ಹಿಡಿದು ಮುದುರಿಕೊಂಡಿತು.

"ನಾನ್ ನಿಂತಿದ್ ನೋಡ್ದಾ?" ಎಂದು ಕೇಳಿದಳು, ಏದುಸಿರಿನಲ್ಲಿ.

ಜವರಪ್ಪನಿಗೆ ಅವಳ ಮಾತು ಮೊದಲ ಸಲ ಪೂರ್ತಿ ಅರ್ಥವಾಯಿತು. "ನೋಡ್ದೆ ಕಣವ್ವ. ಎರಡೂ ಕಣ್ಣಲ್ಲಿ ನೋಡ್ದೆ."

"ಮುಂದಿನ್ ತಿಂಗ್ಳೂ ತತ್ತೀಯಾ?"

ಅವನು ಸಣ್ಣತಾಯಮ್ಮನ ಕಡೆ ನೋಡಿದ. ಆ ಮಾತು ಕೊಡುವುದು ಅವನ ಕೈಯಲ್ಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. "ನನ್ ಚೀಲಕ್ಕೆ ಬಂದ್ರೆ, ನೀನು ಓಡ್ಕೊಂಡ್ ಬಂದು ಈಸ್ಕೊಂಡ್ರೂ ನಿಂಗೇ ಕೊಡ್ತೀನಿ," ಎಂದ.

ಅವನು ಹೆಬ್ಬೆಟ್ಟು ಒತ್ತಿಸಿಕೊಂಡು ಸೈಕಲ್ ಹತ್ತಿದ. ಬೇಲಿ ದಾಟಿ ಊರೊಳಗೆ, ಸಿದ್ದಬಸಪ್ಪನವರ ಮನೆಯಿರುವ ಬೀದಿಗೇ ತಿರುಗಿದ. ಸಣ್ಣತಾಯಮ್ಮ ಅದನ್ನು ನೋಡಿದಳು. ಆಮೇಲೆ ಕೂತು ಒಂದು ಕಾಯಿಯನ್ನು ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿ, ಮಚ್ಚು ಬೀಸಿದಳು. ಕರಟ ಎರಡಾಯಿತು.

ಗೋಡೆ ಹಿಡಿದು ಇನ್ನೂ ನಿಂತೇ ಇದ್ದವಳ ಎಳೆದ ದನಿ ಬಂತು.

"ಒಂದು."