ತಂಗಿ ಬಾಯಿ ತುಂಬ ನಕ್ಕ ಫೋಟೋ

ನನ್ನ ತಂಗಿಯ ಮನೆಯ ಗೋಡೆ ತುಂಬ ಫೋಟೋಗಳಿವೆ. ಯಾವುದರಲ್ಲೂ ಆಕೆಯ ಬಾಯಿ ಕಾಣುವುದಿಲ್ಲ. ಮಗಳ ಮದುವೆಯಿರಲಿ, ಹೊಸ ಟ್ರ್ಯಾಕ್ಟರಿನ ಪೂಜೆಯಿರಲಿ, ಸೆರಗಿನ ತುದಿ ತುಟಿಯ ಮೇಲೇ ಇರುತ್ತದೆ. ನೋಡಿದವರು ನಾಚಿಕೆ ಸ್ವಭಾವ ಅಂದುಕೊಳ್ಳುತ್ತಾರೆ. ಅದು ನಾಚಿಕೆಯಲ್ಲ. ನಾನು ಮಾಡಿದ ಕೆಲಸ.

ನನ್ನ ಮದುವೆಯ ದಿನ ಮನೆಯವರ ಫೋಟೋ ತೆಗೆಯುವಾಗ ತಂಗಿ ನನ್ನ ಪಕ್ಕದಲ್ಲಿ ನಿಂತು ಏನಕ್ಕೋ ನಗುತ್ತಿದ್ದಳು. ಆಕೆಯ ಹಲ್ಲು ತುಸು ಮುಂದಿವೆ, ಆದರೆ ನಕ್ಕರೆ ಮುಖಕ್ಕೆ ಒಂದು ಕಳೆ ಬರುತ್ತದೆ. ಗಂಡಿನ ಕಡೆಯ ಒಬ್ಬ ಹೆಂಗಸು, "ಮದಲಗಿತ್ತಿಗಿಂತ ತಂಗಿನ ಚಂದ ಅದಾಳ ನೋಡವಾ" ಅಂದದ್ದು ನನ್ನ ಕಿವಿಗೆ ಬಿತ್ತು. ನಾನು ಎಲ್ಲರಿಗೂ ಕೇಳುವಂತೆ, "ಬಾಯಿ ಮುಚ್ಚಲೇ, ಬರೇ ಹಲ್ಲ ಕಾಣಾಕತ್ತಾವ" ಅಂದುಬಿಟ್ಟೆ. ಜನ ನಕ್ಕರು. ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಮುಂದೆ ಸೀರೆ ಉಡತೊಡಗಿದ ಮೇಲೆ ಕೈಯ ಜಾಗಕ್ಕೆ ಸೆರಗು ಬಂತು.

ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು, ನಯವಾಗಿ ಮಾತಾಡಲು ಬರದವಳು, ಅದಕ್ಕೇ ಹಾಗಂದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಹೊಟ್ಟೆಕಿಚ್ಚಿನಿಂದ ಅಂದೆ.

ಈ ವರ್ಷ ತೆಲಸಂಗದ ತಂಗಿಯ ಮನೆಯಲ್ಲಿ ಆಕೆಯ ಮಗಳ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಆರತಿ ಮಾಡುವ ಕಾರ್ಯ. ನಾನು ದಿಗ್ಗೇವಾಡಿಯಿಂದ ಹಿಂದಿನ ದಿನವೇ ಹೋಗಿದ್ದೆ. ಮಗಳು ನನ್ನನ್ನು ಬದಿಗೆ ಕರೆದು, "ದೊಡ್ಡವ್ವಾ, ಅವ್ವ ನಕ್ಕಿದ್ದ ಒಂದ ಫೋಟೋ ಬೇಕು ನೋಡ. ನಾಳೆ ನನ್ನ ಕೂಸಿಗೆ ತೋರಸಾಕ ಒಂದೂ ಇಲ್ಲ" ಅಂದಳು. ಅದಕ್ಕೆಂದೇ ಅಥಣಿಯಿಂದ ಹೊಸ ರೀತಿಯ ಫೋಟೋ ತೆಗೆಯುವವನನ್ನು ಕರೆಸಿದ್ದಳು.

ಫೋಟೋದವನು ಬಂದವನೇ, "ನೀವ್ಯಾರೂ ನನ್ನ ಕಡೆ ನೋಡಬ್ಯಾಡ್ರಿ. ನಿಮ್ಮ ಪಾಡಿಗೆ ನೀವ ಇರ್ರಿ" ಅಂದ.

"ನೋಡದಿದ್ರ ಫೋಟೋ ಯಾಕ ತಗಸೋದೋ ತಮ್ಮಾ?" ಎಂದು ತಂಗಿಯ ಅತ್ತೆ ಕೇಳಿದರು.

"ಸಹಜ ಬರಬೇಕ್ರಿ ಆಯಿ."

ಸಹಜ ಅಂದಕೂಡಲೇ ನಾವೆಲ್ಲ ಕಂಬದಂತಾದೆವು. ಆಯಿ ತಲೆಯ ಸೆರಗು ಎಳೆದುಕೊಂಡು ಎರಡೂ ಕೈ ಮೊಣಕಾಲ ಮೇಲಿಟ್ಟು ಕುಳಿತರು. ಹೋಳಿಗೆ ಲಟ್ಟಿಸುತ್ತಿದ್ದವರು ಲಟ್ಟಿಸುವುದನ್ನು ಬಿಟ್ಟು ಎದ್ದು ನಿಂತರು. ಕ್ಯಾಮೆರಾ ತನ್ನ ಕಡೆ ತಿರುಗಿದಾಗಲೆಲ್ಲ ತಂಗಿಯ ಸೆರಗು ಬಾಯಿಗೆ ಹೋಗುತ್ತಿತ್ತು. ಮಗಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಆರತಿಯ ಹೊತ್ತಾಯಿತು. ನಮ್ಮಲ್ಲಿ ಆರತಿ ಹಿಡಿದ ಹೆಣ್ಣುಮಕ್ಕಳು ಒಡಪು ಹಾಕಿ, ಪ್ರಾಸದ ಸಾಲಿನಲ್ಲಿ ಗಂಡನ ಹೆಸರು ಸೇರಿಸಿ ಹೇಳಬೇಕು. ಹೇಳದಿದ್ದರೆ ಉಳಿದವರು ಬಿಡುವುದಿಲ್ಲ. ತಂಗಿ ಯಾವ ಒಡಪೂ ನೆನಪಾಗುತ್ತಿಲ್ಲ ಅಂದಿದ್ದಕ್ಕೆ ನಾನೇ ಒಂದು ಕಟ್ಟಿ, ಬೆಳಗಿನಿಂದ ಅಡುಗೆಮನೆಯಲ್ಲಿ ಆಕೆಗೆ ಬಾಯಿಪಾಠ ಮಾಡಿಸಿದ್ದೆ. ಆದರೆ ಆಕೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು ನಿಂತಾಗ ಆಯಿ, "ಮೊದಲ ಹಿರೇಕಿ ಹೇಳ್ಲಿ" ಎಂದು ನನ್ನತ್ತ ಬೊಟ್ಟು ಮಾಡಿದರು.

ನನ್ನದೊಂದು ಹಳೆಯ ಒಡಪಿದೆ. ಅದು ಬಾಯಿಗೆ ಬರಲಿಲ್ಲ. ಬೆಳಗಿನಿಂದ ಉರು ಹೊಡೆದದ್ದೇ ಬಂತು: "ದ್ರಾಕ್ಷಿ ಗೊಂಚಲ ಬಳ್ಳಿಗೆ ಚಂದ, ಹಸರ ಬಳಿ ಕೈಗೆ ಚಂದ..." ಮುಂದೆ ಹೆಸರು. ಉರು ಹೊಡೆದ ಹೆಸರನ್ನೇ, ಅಂದರೆ ತಂಗಿಯ ಗಂಡನ ಹೆಸರನ್ನೇ ಗಟ್ಟಿಯಾಗಿ ಹೇಳಿ, "ಅವರ ಹೆಸರ ನನ್ನ ಬಾಯಿಗೆ ಚಂದ" ಎಂದು ಮುಗಿಸಿದೆ.

ನೀರಿನ ಕೊಡ ಹೊತ್ತು ಬರುತ್ತಿದ್ದ ತಂಗಿಯ ಗಂಡ ಬಾಗಿಲಿನಿಂದಲೇ ಹಿಂದಕ್ಕೆ ಹೋದ.

"ಯಕ್ಕಾ! ಅವರು ನನ್ನವರಬೇ!" ಎಂದು ತಂಗಿ ಕೂಗಿ ನಕ್ಕಳು. ತಟ್ಟೆ ಅಲುಗಿ ಕುಂಕುಮದ ನೀರು ಸೀರೆಯ ಮೇಲೆ ಚೆಲ್ಲಿತು. ಕೈ ಎರಡೂ ತಟ್ಟೆಯಲ್ಲಿ ಸಿಕ್ಕಿದ್ದರಿಂದ ಸೆರಗಿಗೆ ಕೈ ಹೋಗಲಿಲ್ಲ. ಹಲ್ಲು, ಒಸಡು ಎಲ್ಲ ಕಾಣುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಫೋಟೋದವನು ಅಷ್ಟೂ ಹೊತ್ತು ಒತ್ತುತ್ತಲೇ ಇದ್ದ.

ಆಮೇಲೆ ಆಕೆಗೆ ಎಚ್ಚರವಾಯಿತು. ತಟ್ಟೆ ಕೆಳಗಿಟ್ಟು ಅವನ ಬಳಿ ಹೋಗಿ, "ಅಣ್ಣಾರ, ಅದನ್ನ ತಗದ ಹಾಕ್ರಿ. ಹಲ್ಲ ಕಂಡಿರ್ತಾವ" ಅಂದಳು.

ಇನ್ನು ಸುಮ್ಮನಿರಲು ನನ್ನಿಂದಾಗಲಿಲ್ಲ. ಆಕೆಯ ಕೈ ಹಿಡಿದೆ. "ತಗಸಬ್ಯಾಡ. ಅವತ್ತ ನನ್ನ ಮದುವ್ಯಾಗ ನಾ ಅಂದಿದ್ದು ಸುಳ್ಳಬೇ. ನೀ ಚಂದ ಕಾಣಾಕತ್ತಿದ್ದಿ. ಜನ ನಿನ್ನ ನೋಡಾಕತ್ತಿದ್ರು. ಅದಕ್ಕ ನನಗ ತಡಕೊಳ್ಳಾಕ ಆಗಲಿಲ್ಲ."

ತಂಗಿ ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ತನ್ನ ಮುಖ ನೋಡಿದಳು. ಆ ಫೋಟೋದಲ್ಲಿ ಆಕೆಯ ಪಕ್ಕಕ್ಕೆ ನಾನು ಬಾಯಿ ತೆರೆದು, ಹಣೆ ಹಿಡಿದುಕೊಂಡು ನಿಂತಿದ್ದೆ.

"ನನಗ ಗೊತ್ತಿತ್ತು" ಅಂದಳು ಕೊನೆಗೆ. "ಆದ್ರ ನಿನ್ನ ಬಾಯಿಂದ ಕೇಳಬೇಕಿತ್ತು. ಈಟ ವರ್ಷ ಬೇಕಾತೇನ ನಿನಗ?" ಆಮೇಲೆ ಪರದೆಯ ಮೇಲೆ ನನ್ನ ಮುಖಕ್ಕೆ ಬೆರಳಿಟ್ಟು, "ಇಕಿನ್ನ ನೋಡ್ರಿ, ಬೆಣ್ಣಿ ಕದ್ದ ಬೆಕ್ಕ ಆಗ್ಯಾಳ. ಇದ ಇರ್ಲಿ, ಅಣ್ಣಾರ" ಅಂದಳು.

ಎದೆಯ ಮೇಲಿನ ಕಲ್ಲು ಯಾರೋ ಎತ್ತಿಟ್ಟಂತಾಯಿತು ನನಗೆ.

ಊಟಕ್ಕೆ ಮೊದಲು ಎಲ್ಲರನ್ನೂ ನಿಲ್ಲಿಸಿ ಇನ್ನೊಂದು ಫೋಟೋ ತೆಗೆದರು. ಬಸುರಿ ನಡುವೆ, ಒಂದು ಕಡೆ ತಂಗಿ, ಇನ್ನೊಂದು ಕಡೆ ನಾನು. ತಂಗಿಯ ಕೈ ರೂಢಿಯಂತೆ ಸೆರಗಿನ ತುದಿಗೆ ಹೋಯಿತು. ಆಕೆ ಆ ತುದಿಯನ್ನು ತಂದು ನಡುವಿಗೆ ಸಿಕ್ಕಿಸಿಕೊಂಡು, "ಅವರೆಲ್ಲಿ, ಯಕ್ಕಾ? ಇಬ್ಬರ ನಡುವ ನಿಲ್ಲಸೋಣೇನ?" ಅಂದಳು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೂಸಿಗೆ ತೋರಿಸಲು ಈಗ ಎರಡು ಫೋಟೋಗಳಿವೆ.